ನೈಟ್ ಶಿಫ್ಟ್ ಮಾಡಿದವರಿಗೆ ಆಬ್ಸೆಂಟ್ ಬೀಳುತ್ತಿದೆಯಾ? ಫ್ರಾಪೆ ಎಚ್‌ಆರ್‌ನಲ್ಲಿ ತಪ್ಪು ಹುಡುಕುವ ದಾರಿ

ಪೀಣ್ಯದ ಒಂದು ಮಶೀನ್ ಶಾಪ್‌ನಲ್ಲಿ ಹಾಜರಿ ಮತ್ತು ಸಂಬಳದ ಕೆಲಸ ನನ್ನದಾಗಿತ್ತು. ಮೂರು ಶಿಫ್ಟ್. ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಆಮೇಲೆ ರಾತ್ರಿ 10ರವರೆಗೆ, ಆಮೇಲೆ ಮರುದಿನ ಬೆಳಿಗ್ಗೆ 6ರವರೆಗೆ. ರಿಜಿಸ್ಟರ್ ಬಿಟ್ಟು, ಹಾಜರಿ ಮತ್ತು ಸಂಬಳ ನೋಡಿಕೊಳ್ಳುವ ಫ್ರಾಪೆ ಎಚ್‌ಆರ್ ಅನ್ನುವ ಸಾಫ್ಟ್‌ವೇರ್‌ಗೆ ಬಂದು ಎರಡು ತಿಂಗಳಾಗಿತ್ತು. ಸಂಬಳದ ಚೀಟಿ ಕೊಟ್ಟ ದಿನ ಒಬ್ಬ ಹಿರಿಯ ಆಪರೇಟರ್ ಬಂದು ನನ್ನ ಟೇಬಲ್ ಮುಂದೆ ನಿಂತರು. "ಮೇಡಂ, ಮೂರು ರಾತ್ರಿ ಕೆಲಸ ಮಾಡಿದ್ದೀನಿ, ಮೂರಕ್ಕೂ ಆಬ್ಸೆಂಟ್ ಅಂತ ಬಂದಿದೆ. ಥಂಬ್ ಕೊಟ್ಟಿದ್ದೀನಿ. ಬೇಕಾದ್ರೆ ಸೂಪರ್‌ವೈಸರ್‌ನ ಕೇಳಿ" ಅಂದರು.

ತಿಂಗಳಿಗೆ 18,200 ರೂಪಾಯಿ ಸಂಬಳ, 26 ದಿನದ ಲೆಕ್ಕ ಅಂದರೆ ದಿನಕ್ಕೆ 700. ಮೂರು ದಿನಕ್ಕೆ 2,100 ರೂಪಾಯಿ ಕಟ್. ಅದು ಒಂದು ಮನೆಯ ರೇಷನ್ ದುಡ್ಡು. ನಾನು ಆ ಮೂರು ದಿನದ ಹಾಜರಿಯನ್ನು ಕೈಯಲ್ಲೇ ತಿದ್ದಿ ಕಳಿಸಿದೆ. ಮುಂದಿನ ತಿಂಗಳು ಅದೇ ದೂರು ಹೇಳಿಕೊಂಡು ಹನ್ನೊಂದು ಜನ ಬಂದರು. ಆಗ ಕೂತು ಒಂದೊಂದಾಗಿ ಹುಡುಕಿದೆ. ತಪ್ಪು ಸಾಫ್ಟ್‌ವೇರ್‌ನದ್ದಲ್ಲ, ಥಂಬ್ ಕೊಟ್ಟವರದ್ದೂ ಅಲ್ಲ. ನಾವು ಶಿಫ್ಟ್ ಸೆಟ್ ಮಾಡಿದ ರೀತಿಯೇ ತಪ್ಪಾಗಿತ್ತು. ಅವತ್ತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ "ನಾನು ಬಂದಿದ್ದೆ" ಅಂದರೆ, ಬಂದಿದ್ದರು ಅಂತಲೇ ಇಟ್ಟುಕೊಂಡು ಹುಡುಕಲು ಶುರು ಮಾಡಿ. "ಥಂಬ್ ಮರೆತಿರಬೇಕು" ಅಂತ ಹೊರಟರೆ ಸೆಟ್ಟಿಂಗ್ ಕಡೆ ಕಣ್ಣೇ ಹೋಗುವುದಿಲ್ಲ.

ಹಳೆಯ ಗೈಡ್ ನೋಡಿಕೊಂಡು ಮಾಡುವವರಿಗೆ ಒಂದು ಮಾತು. ಇಆರ್‌ಪಿ ನೆಕ್ಸ್ಟ್ ಅನ್ನುವ, ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರ್‌ನ 13ನೇ ಆವೃತ್ತಿಯವರೆಗೆ ಈ ಎಚ್‌ಆರ್ ಭಾಗ ಅದರೊಳಗೇ ಇತ್ತು. 2022ರಲ್ಲಿ ಬಂದ 14ನೇ ಆವೃತ್ತಿಯಿಂದ ಅದು ಫ್ರಾಪೆ ಎಚ್‌ಆರ್ ಅಂತ ಬೇರೆ ಆ್ಯಪ್ ಆಯಿತು. ಮೆನು ಬೇರೆ ಕಡೆ ಕಂಡರೆ ಗಾಬರಿ ಬೇಡ.

ಪಂಚ್ ಎಲ್ಲಿ ನಿಂತುಹೋಯಿತು?

ಒಂದು ಥಂಬ್ ಹಾಜರಿಯಾಗುವ ಮೊದಲು ನಾಲ್ಕು ಕಡೆ ಹಾದುಹೋಗುತ್ತದೆ. ಮೊದಲು ಪಂಚಿಂಗ್ ಮಶೀನ್. ಅಲ್ಲಿಂದ ಸಿಂಕ್ ಆಗಿ ಎಂಪ್ಲಾಯಿ ಚೆಕ್‌ಇನ್ ಅನ್ನುವ ದಾಖಲೆ. ಆ ದಾಖಲೆಗೆ ಒಂದು ಶಿಫ್ಟ್ ಅಂಟಿಕೊಳ್ಳಬೇಕು. ಕೊನೆಗೆ, ಶಿಫ್ಟ್ ಮುಗಿದ ಮೇಲೆ, ಗಂಟೆಗಳ ಲೆಕ್ಕ ಹಾಕಿ ಅಟೆಂಡೆನ್ಸ್ ತಯಾರಾಗುತ್ತದೆ. ಆಬ್ಸೆಂಟ್ ಅಂತ ಕಾಣುವುದು ಕೊನೆಯ ಜಾಗದಲ್ಲಿ, ಆದರೆ ಪಂಚ್ ಕಳೆದುಹೋಗಿರುವುದು ಹೆಚ್ಚಾಗಿ ಮೂರನೆಯದರಲ್ಲಿ. ಹಾಗಾಗಿ ಅಟೆಂಡೆನ್ಸ್ ತಿದ್ದಲು ಹೋಗಬೇಡಿ. ಎಂಪ್ಲಾಯಿ ಚೆಕ್‌ಇನ್ ಪಟ್ಟಿ ತೆರೆಯಿರಿ.

ಪಟ್ಟಿ ತೆರೆದು ಒಬ್ಬರ ಹೆಸರು ಹಾಕಿ, ಎರಡು ದಿನದ ಫಿಲ್ಟರ್ ಹಾಕಿ. ಒಂದೇ ದಿನ ಹಾಕಿದರೆ ನೈಟ್ ಶಿಫ್ಟ್‌ನ ಅರ್ಧ ಮಾತ್ರ ಕಾಣುತ್ತದೆ. 12ನೇ ತಾರೀಖಿನ ನೈಟ್ ಶಿಫ್ಟ್ ಅಂದರೆ ಒಳಗೆ ಬಂದ ಪಂಚ್ 12ರ ರಾತ್ರಿ, ಹೊರಗೆ ಹೋದದ್ದು 13ರ ಬೆಳಿಗ್ಗೆ. ಹಾಜರಿ ಬರೆಯುವುದು ಶಿಫ್ಟ್ ಶುರುವಾದ ದಿನಕ್ಕೆ, ಅಂದರೆ 12ಕ್ಕೆ.

ದಾಖಲೆಯೇ ಇಲ್ಲದಿದ್ದರೆ

ಆಗ ತೊಂದರೆ ಮಶೀನ್ ಮತ್ತು ಸರ್ವರ್ ನಡುವೆ ಇದೆ. ಆ ದಿನ ಎಲ್ಲರದ್ದೂ ಬಂದಿಲ್ಲವೋ, ಇವರೊಬ್ಬರದ್ದೋ ನೋಡಿ. ಎಲ್ಲರದ್ದೂ ಬಂದಿಲ್ಲ ಅಂದರೆ ನೆಟ್‌ವರ್ಕ್, ಇಲ್ಲವೇ ಸಿಂಕ್ ಪ್ರೋಗ್ರಾಂ ನಿಂತಿದೆ. ಈ ಮಶೀನ್‌ಗಳು ಸಾಮಾನ್ಯವಾಗಿ 4370 ಪೋರ್ಟ್‌ನಲ್ಲಿ ಮಾತಾಡುತ್ತವೆ, ರೌಟರ್ ಬದಲಿಸಿದಾಗ ಮಶೀನ್‌ನ ಐಪಿ ವಿಳಾಸ ಬದಲಾಗಿ ಸಿಂಕ್ ನಿಲ್ಲುವುದುಂಟು. ಪಂಚ್‌ಗಳು ಮಶೀನ್‌ನ ಮೆಮೊರಿಯಲ್ಲಿ ಇರುತ್ತವೆ. ಸಂಪರ್ಕ ಸರಿಯಾದ ಮೇಲೆ ಬರುತ್ತವೆ. ಅಲ್ಲಿಯವರೆಗೆ ಮಶೀನ್‌ನಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ.

ಒಬ್ಬರದ್ದು ಮಾತ್ರ ಇಲ್ಲ ಅಂದರೆ ಎಂಪ್ಲಾಯಿ ರೆಕಾರ್ಡ್‌ನಲ್ಲಿ ಅಟೆಂಡೆನ್ಸ್ ಡಿವೈಸ್ ಐಡಿ ನೋಡಿ. ಮಶೀನ್‌ನಲ್ಲಿ 7 ಅಂತಿದೆ, ನೀವು 007 ಅಂತ ಹಾಕಿದ್ದೀರಿ. ಸಾಫ್ಟ್‌ವೇರ್‌ಗೆ ಇವೆರಡೂ ಬೇರೆ ಬೇರೆ. ಎಕ್ಸೆಲ್‌ನಿಂದ ಅಪ್‌ಲೋಡ್ ಮಾಡುವಾಗ ಇದು ಜಾಸ್ತಿ ಆಗುತ್ತದೆ.

ದಾಖಲೆ ಇದೆ, ಆದರೆ ಟೈಮ್ ತಪ್ಪಿದೆ ಅಂದರೆ ಎಷ್ಟು ತಪ್ಪಿದೆ ಅಂತ ಅಳೆಯಿರಿ. ಸರಿಯಾಗಿ 5 ಗಂಟೆ 30 ನಿಮಿಷ ವ್ಯತ್ಯಾಸ ಇದ್ದರೆ ಎಲ್ಲೋ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಟೈಮ್ ಸೇರಿಕೊಂಡಿದೆ, ಸಿಸ್ಟಂ ಸೆಟ್ಟಿಂಗ್ಸ್‌ನ ಟೈಮ್ ಝೋನ್ ಏಷ್ಯಾ/ಕೋಲ್ಕತಾ ಆಗಿದೆಯಾ ನೋಡಿ. 10, 15 ನಿಮಿಷ ಹೀಗೆ ಅಡ್ಡಾದಿಡ್ಡಿ ವ್ಯತ್ಯಾಸ ಇದ್ದರೆ ಮಶೀನ್‌ನ ಗಡಿಯಾರವೇ ಹಿಂದೆ ಮುಂದೆ ಆಗಿದೆ.

ದಾಖಲೆ ಇದೆ, ಶಿಫ್ಟ್ ಕಾಲಂ ಖಾಲಿ

ನಮ್ಮಲ್ಲಿ ಆಗಿದ್ದು ಇದು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಶಿಫ್ಟ್ ಟೈಪ್‌ನಲ್ಲಿ (ಪ್ರತಿ ಶಿಫ್ಟ್‌ನ ಟೈಮ್ ಮತ್ತು ನಿಯಮ ಹಾಕುವ ಪುಟ) ಶುರು ಮತ್ತು ಮುಗಿಯುವ ಟೈಮ್ ಹಾಕಿದರೆ ಸಾಲದು. ಶಿಫ್ಟ್‌ಗೆ ಎಷ್ಟು ಮೊದಲು ಬಂದ ಪಂಚ್ ಒಪ್ಪಬೇಕು, ಮುಗಿದ ಮೇಲೆ ಎಷ್ಟು ಹೊತ್ತಿನವರೆಗೆ ಒಪ್ಪಬೇಕು ಅಂತ ಎರಡು ಬಾಕ್ಸ್ ಇವೆ. ಹೊಸ ಶಿಫ್ಟ್ ಮಾಡಿದಾಗ ಎರಡರಲ್ಲೂ 60 ಇರುತ್ತದೆ. ಅಂದರೆ 60 ನಿಮಿಷ. ರಾತ್ರಿ 10ರ ಶಿಫ್ಟ್‌ಗೆ 9ರಿಂದ ಬಾಗಿಲು ತೆರೆಯುತ್ತದೆ, ಬೆಳಿಗ್ಗೆ 7ಕ್ಕೆ ಮುಚ್ಚುತ್ತದೆ. ಆ ಹಿರಿಯರು ತುಮಕೂರು ರಸ್ತೆ ಕಡೆಯಿಂದ ಬರುವವರು. ತಡವಾದ ಬಸ್ ನಂಬುವಂತಿಲ್ಲ ಅಂತ ಆ ಮೂರು ದಿನವೂ ಅದಕ್ಕಿಂತ ಮೊದಲಿನ ಬಸ್ ಹಿಡಿದು 8:50ಕ್ಕೇ ಬಂದು ಥಂಬ್ ಕೊಟ್ಟಿದ್ದರು. ಹತ್ತು ನಿಮಿಷ ಬೇಗ ಆಯಿತು. ಆ ಪಂಚ್‌ಗೆ ಯಾವ ಶಿಫ್ಟೂ ಅಂಟಿಕೊಳ್ಳಲಿಲ್ಲ. ಬೆಳಿಗ್ಗೆ 6:05ರ ಪಂಚ್ ಒಂದೇ ಉಳಿಯಿತು. ಒಂದೇ ಪಂಚ್ ಇದ್ದರೆ ಕೆಲಸದ ಗಂಟೆ ಸೊನ್ನೆ. ಇಷ್ಟು ಗಂಟೆಗಿಂತ ಕಡಿಮೆ ಇದ್ದರೆ ಆಬ್ಸೆಂಟ್ ಅಂತ ನಾವೇ ಮಿತಿ ಹಾಕಿದ್ದೆವು. ಹಾಗಾಗಿ ಇಡೀ ರಾತ್ರಿ ದುಡಿದವರಿಗೆ ಆಬ್ಸೆಂಟ್ ಬಿತ್ತು.

ಇದಕ್ಕೆ ಪರಿಹಾರ ಸುಲಭ. ನಿಮ್ಮ ಕೆಲಸಗಾರರು ನಿಜವಾಗಿ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಗೇಟ್ ಸೆಕ್ಯೂರಿಟಿಯನ್ನು ಕೇಳಿ, ಅದಕ್ಕೆ ತಕ್ಕಂತೆ ಹಾಕಿ. ನಾವು 120 ಮಾಡಿದೆವು. ಒಂದು ಎಚ್ಚರಿಕೆ: ಅಲ್ಲಿ ಕೇಳುವುದು ನಿಮಿಷ. ಒಂದು ಗಂಟೆ ಅಂದುಕೊಂಡು 1 ಅಂತ ಹಾಕಿದವರನ್ನು ನೋಡಿದ್ದೇನೆ. ಲೇಟ್ ಗ್ರೇಸ್ (ತಡವಾಗಿ ಬಂದರೂ ಲೇಟ್ ಅನ್ನದೆ ಬಿಡುವ ಹೊತ್ತು) ಕೂಡ ನಿಮಿಷದಲ್ಲಿ. ಆದರೆ ಹಾಫ್ ಡೇ, ಆಬ್ಸೆಂಟ್ ಮಿತಿ ಮಾತ್ರ ಗಂಟೆಯಲ್ಲಿ. ಒಂದೇ ಪುಟದಲ್ಲಿ ಎರಡೂ ಇರುವುದರಿಂದ ತಪ್ಪಾಗುವುದು ಸಹಜ.

ಓಟಿ (ಓವರ್‌ಟೈಮ್) ಮಾಡುವವರಿಗೆ ಇನ್ನೊಂದು ತುದಿಯಲ್ಲಿ ಇದೇ ತೊಂದರೆ. ಬೆಳಿಗ್ಗೆ 8:30ರವರೆಗೆ ನಿಂತು ಕೆಲಸ ಮುಗಿಸಿ ಹೋದವರ ಹೊರ ಪಂಚ್ 7ರ ನಂತರ ಬಂತು, ಶಿಫ್ಟ್‌ಗೆ ಸೇರಲಿಲ್ಲ, ಮತ್ತೆ ಒಂದೇ ಪಂಚ್ ಉಳಿಯಿತು. ಜಾಸ್ತಿ ಕೆಲಸ ಮಾಡಿದ್ದಕ್ಕೆ ಇದ್ದ ದಿನವೂ ಹೋಯಿತು. ಎಷ್ಟು ಹೊತ್ತು ಓಟಿ ಇರುತ್ತದೋ ಅಷ್ಟು ನಿಮಿಷ, ಮೇಲೆ ಒಂದು ಅರ್ಧ ಗಂಟೆ ಸೇರಿಸಿ ಹಾಕಿ.

ಬಾಗಿಲು ಅಗಲ ಮಾಡಿದ ಮೇಲೂ ಶಿಫ್ಟ್ ಖಾಲಿ ಇದ್ದರೆ ಶಿಫ್ಟ್ ಅಸೈನ್‌ಮೆಂಟ್, ಅಂದರೆ ಯಾರಿಗೆ ಯಾವ ದಿನಗಳಿಗೆ ಯಾವ ಶಿಫ್ಟ್ ಅಂತ ಹಾಕುವ ದಾಖಲೆ, ನೋಡಿ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವ ಕಡೆ ಸೋಮವಾರದಿಂದ ಶನಿವಾರದವರೆಗೆ ಅಂತ ಎಕ್ಸೆಲ್‌ನಲ್ಲಿ ಹಾಕಿ ಅಪ್‌ಲೋಡ್ ಮಾಡುತ್ತಾರೆ. ಶನಿವಾರಕ್ಕೆ ಅಸೈನ್‌ಮೆಂಟ್ ಮುಗಿಯುತ್ತದೆ. ಭಾನುವಾರ ರಾತ್ರಿ ಬಂದವರಿಗೆ ಯಾವುದೂ ಇಲ್ಲ, ಆಗ ಎಂಪ್ಲಾಯಿ ರೆಕಾರ್ಡ್‌ನಲ್ಲಿರುವ ಡೀಫಾಲ್ಟ್ ಶಿಫ್ಟ್ ಲೆಕ್ಕಕ್ಕೆ ಬರುತ್ತದೆ. ಅದು ಬೆಳಿಗ್ಗೆ 9ರ ಜನರಲ್ ಶಿಫ್ಟ್ ಆಗಿದ್ದರೆ ರಾತ್ರಿ 9:50ರ ಪಂಚ್ ಅದರೊಳಗೆ ಹೇಗೆ ಕೂರುತ್ತದೆ? ಕೂರುವುದಿಲ್ಲ. ಜೊತೆಗೆ ಅಸೈನ್‌ಮೆಂಟ್ ಇಲ್ಲದ ದಿನ ಹಗಲು ಬಂದಿಲ್ಲ ಅಂತ ಜನರಲ್ ಶಿಫ್ಟ್ ಕಡೆಯಿಂದಲೂ ಆಬ್ಸೆಂಟ್ ಬೀಳಬಹುದು. ಶಿಫ್ಟ್ ಬದಲಾಗುತ್ತಾ ಇರುವವರಿಗೆ ಡೀಫಾಲ್ಟ್ ಶಿಫ್ಟ್ ಖಾಲಿ ಬಿಡುವುದು ಒಳ್ಳೆಯದು ಅಂತ ನನ್ನ ಅನುಭವ. ಅಸೈನ್‌ಮೆಂಟ್ ಹಾಕುವುದು ಮರೆತರೆ ತಪ್ಪು ಹಾಜರಿ ಬರುವ ಬದಲು ಹಾಜರಿಯೇ ಬರುವುದಿಲ್ಲ. ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ತಪ್ಪು ಆಬ್ಸೆಂಟ್ ಬೀಳುವುದಿಲ್ಲ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಮುಗಿಯುವ ತಾರೀಖು ಹಾಕದೆ ಬಿಟ್ಟ ಅಸೈನ್‌ಮೆಂಟ್ ಹಾಗೇ ಮುಂದುವರಿಯುತ್ತಾ ಇರುತ್ತದೆ. ಮುಂದಿನ ವಾರದ್ದು ಹಾಕಲು ಹೋದಾಗ ಈಗಾಗಲೇ ಶಿಫ್ಟ್ ಇದೆ ಅಂತ ತಡೆಯುತ್ತದೆ. ಆಗ ಹಳೆಯದಕ್ಕೆ ಮುಗಿಯುವ ತಾರೀಖು ಹಾಕಿ. ತಡೆಯಬಾರದು ಅಂತ ಒಂದೇ ದಿನಕ್ಕೆ ಎರಡು ಶಿಫ್ಟ್ ಬಿಡುವ ಸೆಟ್ಟಿಂಗ್ ಸುಮ್ನೆ ಆನ್ ಮಾಡಬೇಡಿ. ಅದು ಡಬಲ್ ಶಿಫ್ಟ್ ನಿಜವಾಗಿ ಇರುವ ಕಡೆಗೆ.

ಶಿಫ್ಟ್ ಇದೆ, ಆದರೂ ಹಾಫ್ ಡೇ ಅಥವಾ ಆಬ್ಸೆಂಟ್

ಇಲ್ಲಿ ಗಂಟೆಯ ಲೆಕ್ಕ ತಪ್ಪುತ್ತಿದೆ. ಶಿಫ್ಟ್ ಟೈಪ್‌ನಲ್ಲಿ ಎರಡು ಆಯ್ಕೆ ನೋಡಿ. ಒಂದು, ಒಳಗೆ ಹೊರಗೆ ಹೇಗೆ ಗುರುತಿಸಬೇಕು: ಪಂಚ್‌ಗಳನ್ನು ಒಂದಾದ ಮೇಲೊಂದು ಒಳಗೆ, ಹೊರಗೆ ಅಂತ ತೆಗೆದುಕೊಳ್ಳಬೇಕಾ, ಅಥವಾ ದಾಖಲೆಯಲ್ಲಿ ಇನ್, ಔಟ್ ಅಂತ ಬರೆದಿದ್ದನ್ನೇ ನಂಬಬೇಕಾ. ಇನ್ನೊಂದು, ಗಂಟೆ ಹೇಗೆ ಎಣಿಸಬೇಕು: ಮೊದಲ ಪಂಚ್‌ನಿಂದ ಕೊನೆಯ ಪಂಚ್‌ವರೆಗೆ, ಅಥವಾ ಪ್ರತಿ ಜೋಡಿಯನ್ನೂ ಬೇರೆ ಬೇರೆ.

ನಮ್ಮಲ್ಲಿ ಒಬ್ಬ ಹೆಣ್ಣುಮಗಳ ಕೈಬೆರಳು ಎಣ್ಣೆಯಿಂದ ಸವೆದು ಥಂಬ್ ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಬಂತೋ ಇಲ್ಲವೋ ಅಂತ ಅವರು ಎರಡು ಸಲ ಒತ್ತುತ್ತಿದ್ದರು. 9:55ಕ್ಕೆ ಒಂದು, 9:56ಕ್ಕೆ ಇನ್ನೊಂದು, ಬೆಳಿಗ್ಗೆ 6:05ಕ್ಕೆ ಮೂರನೆಯದು. ಒಂದಾದ ಮೇಲೊಂದು ಲೆಕ್ಕ, ಪ್ರತಿ ಜೋಡಿ ಎಣಿಕೆ ಎರಡೂ ಸೇರಿದ್ದರಿಂದ 9:55 ಒಳಗೆ, 9:56 ಹೊರಗೆ ಆಯಿತು. ಕೆಲಸ ಮಾಡಿದ್ದು ಒಂದು ನಿಮಿಷ. ಮೂರನೆಯದಕ್ಕೆ ಜೋಡಿಯಿಲ್ಲ, ಅದು ಬಿಟ್ಟುಹೋಯಿತು. ಮೊದಲ ಪಂಚ್‌ನಿಂದ ಕೊನೆಯ ಪಂಚ್‌ವರೆಗೆ ಅಂತ ಬದಲಿಸಿದ ಮೇಲೆ 8 ಗಂಟೆ 10 ನಿಮಿಷ ಸರಿಯಾಗಿ ಬಂತು. ನಡುವೆ ಊಟಕ್ಕೆ, ಟೀಗೆ ಹೊರಗೆ ಹೋಗುವಾಗ ಪಂಚ್ ಮಾಡುವ ಪದ್ಧತಿ ಇಲ್ಲದ ಕಡೆ ಇದೇ ಸರಿ.

ಇನ್, ಔಟ್ ಬರೆದಿದ್ದನ್ನೇ ನಂಬುವ ಆಯ್ಕೆ ಹಾಕಿದ್ದರೆ, ನಿಮ್ಮ ಮಶೀನ್ ಆ ಮಾಹಿತಿ ಕಳಿಸುತ್ತಿದೆಯಾ ಅಂತ ಚೆಕ್‌ಇನ್ ದಾಖಲೆಯಲ್ಲೇ ನೋಡಿ. ಲಾಗ್ ಟೈಪ್ ಖಾಲಿ ಇದ್ದರೆ ಗಂಟೆ ಸೊನ್ನೆಯೇ ಬರುತ್ತದೆ. ಬಾಗಿಲಲ್ಲಿ ಒಂದೇ ಮಶೀನ್ ಇರುವ ಚಿಕ್ಕ ಕಾರ್ಖಾನೆಗೆ ಈ ಆಯ್ಕೆ ಹೊಂದುವುದಿಲ್ಲ.

ಎಲ್ಲ ಸರಿ, ಹಾಜರಿಯೇ ಬರುತ್ತಿಲ್ಲ

ಶಿಫ್ಟ್ ಟೈಪ್‌ನಲ್ಲಿ ಆಟೋ ಅಟೆಂಡೆನ್ಸ್ ಆನ್ ಇರಬೇಕು. ಪ್ರೋಸೆಸ್ ಅಟೆಂಡೆನ್ಸ್ ಆಫ್ಟರ್ ತಾರೀಖು (ಯಾವ ದಿನದಿಂದ ಹಾಜರಿ ಲೆಕ್ಕ ಹಾಕಬೇಕು ಅನ್ನುವುದು) ನಿಮಗೆ ಬೇಕಾದ ದಿನಕ್ಕಿಂತ ಹಿಂದಿನದಾಗಿರಬೇಕು. ಹಿನ್ನೆಲೆ ಕೆಲಸ ಮಾಡುವ ಶೆಡ್ಯೂಲರ್ ಓಡುತ್ತಿರಬೇಕು, ಅದು ಗಂಟೆಗೊಮ್ಮೆ ಈ ಲೆಕ್ಕ ಮಾಡುತ್ತದೆ. ಬ್ಯಾಕಪ್‌ನಿಂದ ಸೈಟ್ ಮತ್ತೆ ಎಬ್ಬಿಸಿದ್ದರೆ ಶೆಡ್ಯೂಲರ್ ಆಫ್ ಆಗೇ ಉಳಿದಿರಬಹುದು, ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಬೆಂಚ್ ಡಾಕ್ಟರ್ ಕಮಾಂಡ್ ಹಾಕಿಸಿ ನೋಡಿ.

ನಾಲ್ಕನೆಯದು ಲಾಸ್ಟ್ ಸಿಂಕ್ ಆಫ್ ಚೆಕ್‌ಇನ್. ಇದನ್ನು ನಿಧಾನವಾಗಿ ಓದಿ. ಇಷ್ಟು ಹೊತ್ತಿನವರೆಗಿನ ಎಲ್ಲ ಪಂಚ್‌ಗಳೂ ಬಂದು ಸೇರಿವೆ ಅಂತ ನೀವು ಸಾಫ್ಟ್‌ವೇರ್‌ಗೆ ಕೊಡುವ ಮಾತು ಇದು. ರಾತ್ರಿ 10ರ ಶಿಫ್ಟ್‌ನ ಬಾಗಿಲು ಬೆಳಿಗ್ಗೆ 7ಕ್ಕೆ ಮುಚ್ಚುವುದಾದರೆ ಈ ಟೈಮ್ 7 ದಾಟಿದ ಮೇಲೆಯೇ ಆ ರಾತ್ರಿಯ ಹಾಜರಿ ತಯಾರಾಗುತ್ತದೆ. ಸಿಂಕ್ 6:30ಕ್ಕೆ ನಿಂತಿದ್ದರೆ ಫಸ್ಟ್, ಸೆಕೆಂಡ್ ಶಿಫ್ಟ್‌ನವರದ್ದೆಲ್ಲ ಬಂದಿರುತ್ತದೆ, ನೈಟ್‌ನವರದ್ದು ಮಾತ್ರ ಬಂದಿರುವುದಿಲ್ಲ. ಓಟಿಗಾಗಿ ಬಾಗಿಲನ್ನು ಬೆಳಿಗ್ಗೆ 10ರವರೆಗೆ ತೆರೆದಿಟ್ಟಿದ್ದರೆ 10ರವರೆಗೆ ಕಾಯಲೇಬೇಕು, ಅದು ತಪ್ಪಲ್ಲ.

ಆದರೆ ಹಾಜರಿ ಬರುತ್ತಿಲ್ಲ ಅಂತ ಈ ಟೈಮನ್ನು ಕೈಯಲ್ಲಿ ಈಗಿನ ಹೊತ್ತಿಗೆ ಬದಲಿಸಬೇಡಿ, ದಯವಿಟ್ಟು. ಪಂಚ್‌ಗಳು ಇನ್ನೂ ಮಶೀನ್‌ನಲ್ಲೇ ಇವೆ, ನೀವು ಎಲ್ಲ ಬಂದಿದೆ ಅಂದಿರಿ, ಸಾಫ್ಟ್‌ವೇರ್ ನಿಮ್ಮ ಮಾತು ನಂಬಿ ಪಂಚ್ ಇಲ್ಲದವರಿಗೆಲ್ಲ ಆಬ್ಸೆಂಟ್ ಹಾಕಿತು. ಒಂದೇ ಗಂಟೆಯಲ್ಲಿ ಇಡೀ ಶಿಫ್ಟ್ ಆಬ್ಸೆಂಟ್. ಎರಡು ಗೇಟ್‌ನಲ್ಲಿ ಎರಡು ಮಶೀನ್ ಇದ್ದರೆ ಎರಡರ ಸಿಂಕೂ ಮುಗಿದಿದೆ ಅಂತ ಗೊತ್ತಾಗದೆ ಅದನ್ನು ಮುಟ್ಟುವಂತಿಲ್ಲ.

ಭಾನುವಾರ ರಾತ್ರಿ

ವಾರದ ರಜೆ ಭಾನುವಾರ. ನೈಟ್ ಶಿಫ್ಟ್‌ನವರಿಗೆ ಅದು ಯಾವಾಗ ಶುರುವಾಗುತ್ತದೆ? ಶನಿವಾರ ರಾತ್ರಿ ಬಂದು ಭಾನುವಾರ ಬೆಳಿಗ್ಗೆ 6ಕ್ಕೆ ಹೋದವರು ಭಾನುವಾರ ರಾತ್ರಿ ಮತ್ತೆ 10ಕ್ಕೆ ಬಂದರೆ ರಜೆ ಎಲ್ಲಿ ಸಿಕ್ಕಿತು, ಅಲ್ವಾ? 1948ರ ಕಾರ್ಖಾನೆ ಕಾಯಿದೆಯ 57ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಬರೆದಿತ್ತು: ಮಧ್ಯರಾತ್ರಿ ದಾಟುವ ಶಿಫ್ಟ್‌ನವರಿಗೆ ರಜೆ ಅಂದರೆ ಶಿಫ್ಟ್ ಮುಗಿದ ಕ್ಷಣದಿಂದ ಸತತ 24 ಗಂಟೆ, ಮಧ್ಯರಾತ್ರಿಯ ನಂತರದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೆ. ಶಿಫ್ಟ್ ಶುರುವಾದ ದಿನಕ್ಕೆ ಹಾಜರಿ ಬರೆಯುವ ಸಾಫ್ಟ್‌ವೇರ್ ಕ್ರಮ ಇದಕ್ಕೆ ಹೊಂದುತ್ತದೆ.

ತೊಂದರೆ ಬರುವುದು ವಾರವನ್ನು ಭಾನುವಾರ ರಾತ್ರಿಯಿಂದ ಶುರು ಮಾಡುವ ಕಡೆ. ಅಲ್ಲಿ ನೈಟ್‌ನವರಿಗೆ ಶನಿವಾರ ರಾತ್ರಿ ಬಿಡುವು, ಭಾನುವಾರ ರಾತ್ರಿ ಕೆಲಸ. ಆದರೆ ರಜಾ ಪಟ್ಟಿಯಲ್ಲಿ ಭಾನುವಾರ ಇದೆ. ರಜೆ ದಿನದ ಪಂಚ್‌ಗೆ ಸಾಫ್ಟ್‌ವೇರ್ ಹಾಜರಿ ಹಾಕುವುದಿಲ್ಲ, ಶನಿವಾರ ಬಂದಿಲ್ಲ ಅಂತ ಆಬ್ಸೆಂಟ್ ಹಾಕುತ್ತದೆ. ಪರಿಹಾರ ಅಂದರೆ ಶನಿವಾರ ವಾರದ ರಜೆ ಇರುವ ಬೇರೆ ರಜಾ ಪಟ್ಟಿ ಮಾಡಿ, ಅದನ್ನು ನೈಟ್ ಶಿಫ್ಟ್ ಟೈಪ್‌ಗೆ ಹಾಕುವುದು. ಶಿಫ್ಟ್‌ಗೆ ಪಟ್ಟಿ ಹಾಕಿದ್ದರೆ ಹಾಜರಿಗೆ ಅದೇ ಮೊದಲು. ಪೇರೋಲ್ ಮಾತ್ರ ಎಂಪ್ಲಾಯಿಗೆ ಹಾಕಿದ ಪಟ್ಟಿಯನ್ನೇ ನೋಡುತ್ತದೆ, ಹಾಗಾಗಿ ಮೊದಲ ತಿಂಗಳು ಒಂದೆರಡು ಚೀಟಿಯನ್ನು ಕೈಲೆಕ್ಕದ ಜೊತೆ ತಾಳೆ ನೋಡಿ.

ಪಟ್ಟಿಗೆ ಮುಗಿಯುವ ತಾರೀಖು ಇರುವುದೂ ನೆನಪಿರಲಿ. ಡಿಸೆಂಬರ್ 31ಕ್ಕೆ ಮುಗಿದ ಪಟ್ಟಿ ಹಾಗೇ ಉಳಿದರೆ ಜನವರಿಯ ಮೊದಲ ಭಾನುವಾರ ಎಲ್ಲರಿಗೂ ಆಬ್ಸೆಂಟ್ ಬೀಳುತ್ತದೆ. ಹೊಸ ಪಟ್ಟಿಗೆ ಭಾನುವಾರಗಳನ್ನು ಸೇರಿಸಿ ಬಿಟ್ಟರೆ ಸಾಲದು, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ನಿಮ್ಮ ಕಾರ್ಖಾನೆಯ ಹಬ್ಬದ ರಜೆಗಳನ್ನೂ ಹಾಕಿ.

ಬಿದ್ದ ಆಬ್ಸೆಂಟ್ ತೆಗೆಯುವುದು

ಸೆಟ್ಟಿಂಗ್ ಸರಿ ಮಾಡಿದರೆ ಹಳೆಯದು ತಾನಾಗಿ ಸರಿಯಾಗುವುದಿಲ್ಲ. ಮೊದಲು ತಪ್ಪಾದ ಅಟೆಂಡೆನ್ಸ್ ಕ್ಯಾನ್ಸಲ್ ಮಾಡಿ. ಆಮೇಲೆ ಆ ಎರಡು ದಿನದ ಚೆಕ್‌ಇನ್‌ಗಳನ್ನು ತೆರೆದು ಫೆಚ್ ಶಿಫ್ಟ್ ಒತ್ತಿ, ಹೊಸ ಸೆಟ್ಟಿಂಗ್ ಪ್ರಕಾರ ಶಿಫ್ಟ್ ಅಂಟಿಕೊಳ್ಳುತ್ತದೆ. ಕೊನೆಗೆ ಶಿಫ್ಟ್ ಟೈಪ್‌ಗೆ ಹೋಗಿ ಮಾರ್ಕ್ ಅಟೆಂಡೆನ್ಸ್ ಒತ್ತಿ.

ಇಷ್ಟಾದರೂ ಹಾಜರಿ ಬರಲಿಲ್ಲ ಅಂದರೆ ಚೆಕ್‌ಇನ್‌ನಲ್ಲಿ ಸ್ಕಿಪ್ ಆಟೋ ಅಟೆಂಡೆನ್ಸ್ ಟಿಕ್ ಆಗಿದೆಯಾ ನೋಡಿ. ನನಗೆ ಅರ್ಧ ದಿನ ತಿಂದದ್ದು ಇದು. ಒಂದು ದಿನಕ್ಕೆ ಆಗಲೇ ಆಬ್ಸೆಂಟ್ ಇದ್ದು, ಪಂಚ್‌ಗಳು ತಡವಾಗಿ ಬಂದರೆ ಎರಡನೇ ಹಾಜರಿ ಹಾಕಲಾಗದೆ ಸಾಫ್ಟ್‌ವೇರ್ ಆ ಪಂಚ್‌ಗಳನ್ನು ಬದಿಗಿಡುತ್ತದೆ, ಟಿಕ್ ತಾನೇ ಹಾಕುತ್ತದೆ. ಆಬ್ಸೆಂಟ್ ಕ್ಯಾನ್ಸಲ್ ಮಾಡಿದರೂ ಆ ಟಿಕ್ ಹೋಗುವುದಿಲ್ಲ. ಕೈಯಲ್ಲಿ ತೆಗೆದು, ಸೇವ್ ಮಾಡಿ, ಮತ್ತೆ ಮಾರ್ಕ್ ಅಟೆಂಡೆನ್ಸ್ ಒತ್ತಬೇಕು.

ಹೊಸ ಶಿಫ್ಟ್ ಶುರು ಮಾಡುವ ಮೊದಲೇ ಒಬ್ಬ ಟೆಸ್ಟ್ ಎಂಪ್ಲಾಯಿ ಮಾಡಿ, ಬೇಗ ಬಂದ ಪಂಚ್, ಎರಡು ಸಲ ಒತ್ತಿದ ಪಂಚ್, ಓಟಿ ಮುಗಿಸಿದ ಪಂಚ್, ಭಾನುವಾರ ರಾತ್ರಿಯ ಪಂಚ್ ಎಲ್ಲವನ್ನೂ ಕೈಯಲ್ಲಿ ಹಾಕಿ ನೋಡಿದರೆ ಇದಿಷ್ಟೂ ಮೊದಲೇ ಸಿಗುತ್ತದೆ. ಒಂದು ಗಂಟೆಯ ಕೆಲಸ.

ಸಂಬಳ ಆಗಲೇ ಹೋಗಿದ್ದರೆ ಹಾಜರಿ ತಿದ್ದಿದ ಮಾತ್ರಕ್ಕೆ ದುಡ್ಡು ವಾಪಸ್ ಬರುವುದಿಲ್ಲ. ಅಡಿಷನಲ್ ಸ್ಯಾಲರಿಯಲ್ಲಿ ಕಟ್ ಆದ ಮೊತ್ತವನ್ನು ಮುಂದಿನ ತಿಂಗಳಿಗೆ ಹಾಕಿ. ಮೂಲ ಸಂಬಳದೊಳಗೆ ಸೇರಿಸಬೇಡಿ, ಹಾಜರಿ ಬಾಕಿ ಅಂತ ಬೇರೆ ಸಾಲು ಮಾಡಿ. ಆ ಹಿರಿಯರ ಮೂರು ರಾತ್ರಿಯ 2,100 ರೂಪಾಯಿಯನ್ನು ನಾವು ಹಾಗೆ ಬೇರೆ ಸಾಲಿನಲ್ಲೇ ಹಾಕಿ, ಚೀಟಿ ಕೊಡುವಾಗ ತೋರಿಸಿದೆವು.